ಹಳೆಯ ಪೈಥಾನ್ ಕೈಬಿಟ್ಟ ಲಿಪಿ ಪರಿವರ್ತಕ ಬಳಗಕ್ಕೆ ದಾವಣಗೆರೆಯಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಕನ್ನಡ ಲಿಪಿ ಪರಿವರ್ತಕ ತಂತ್ರಾಂಶವನ್ನು ನಿರ್ವಹಿಸುತ್ತಿರುವ ಸ್ವಯಂಸೇವಕ ಬಳಗದ ಎಲ್ಲ ಮಾನ್ಯರಿಗೆ

ಮಾನ್ಯರೇ, ನಮಸ್ಕಾರಗಳು.

ನಾನು ಹಳೇ ದಾವಣಗೆರೆಯಲ್ಲಿ ಇಪ್ಪತ್ತೇಳು ವರ್ಷಗಳಿಂದ ಒಂದು ಡಿಟಿಪಿ ಕೇಂದ್ರ ನಡೆಸಿಕೊಂಡು ಬಂದಿದ್ದೇನೆ. ಅದಕ್ಕೂ ಮೊದಲು ಇದೇ ಊರಿನ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಮದುವೆಯ ಕರೆಯೋಲೆ, ದುಗ್ಗಮ್ಮನ ಜಾತ್ರೆಯ ಕರಪತ್ರ, ಸಹಕಾರ ಸಂಘಗಳ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಒಂದು ಪುಸ್ತಕ, ಇವು ನಮ್ಮ ಕೆಲಸ. ಹಳೆಯ ಫಾಂಟುಗಳಲ್ಲಿ ಟೈಪಾದ ಕನ್ನಡವನ್ನು ಎಲ್ಲ ಕಂಪ್ಯೂಟರು, ಮೊಬೈಲುಗಳಿಗೂ ಅರ್ಥವಾಗುವ ಯೂನಿಕೋಡ್ ಸಂಕೇತಕ್ಕೆ ಬದಲಿಸಲು ನೀವು ರೂಪಿಸಿ ಉಚಿತವಾಗಿ ಹಂಚಿದ ಪರಿವರ್ತಕವನ್ನು ಆರು ವರ್ಷಗಳಿಂದ ಬಳಸುತ್ತಿದ್ದೇನೆ. ಅದಕ್ಕಾಗಿ ನಿಮಗೆ ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಆ ಋಣದ ಅರಿವಿಟ್ಟುಕೊಂಡೇ ಈ ಪತ್ರ ಬರೆಯುತ್ತಿದ್ದೇನೆ. ತಂತ್ರಾಂಶದ ಹೆಸರನ್ನಾಗಲಿ ನಿಮ್ಮ ಹೆಸರುಗಳನ್ನಾಗಲಿ ಇಲ್ಲಿ ಕಾಣಿಸುವುದಿಲ್ಲ; ನಿಮಗೆ ತಿಳಿದರೆ ಸಾಕು. ಆದರೂ ಬಹಿರಂಗವಾಗಿ ಬರೆಯಲು ಕಾರಣವಿದೆ. ನಿಮ್ಮ ಪರಿವರ್ತಕ ಓಡಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬೇಕು; ಅದರ ಹಳೆಯ ಆವೃತ್ತಿಯನ್ನು ನೀವು ಮುನ್ಸೂಚನೆಯಿಲ್ಲದೆ ಕೈಬಿಟ್ಟದ್ದರಿಂದ ನನಗೆ ಆದದ್ದು ಚಿತ್ರದುರ್ಗದಲ್ಲೂ ಚಳ್ಳಕೆರೆಯಲ್ಲೂ ಇದೇ ಕಸುಬು ಮಾಡುವ ಗೆಳೆಯರಿಗೂ ಆಗಿದೆ, ಮತ್ತು ಕನ್ನಡದ ಬೇರೆ ತಂತ್ರಾಂಶಗಳನ್ನು ನೋಡಿಕೊಳ್ಳುವವರ ಕಿವಿಗೂ ಇದು ಬೀಳಬೇಕು.

ಈ ಪರಿವರ್ತಕ ನಮಗೆ ಎಷ್ಟು ಬೇಕಾದ ವಸ್ತು ಎಂಬುದನ್ನು ನಿಮಗಿಂತ ಹೆಚ್ಚಾಗಿ ಓದುಗರಿಗೆ ಹೇಳಬೇಕು. ತೊಂಬತ್ತರ ದಶಕದಲ್ಲಿ ನಾವು ಟೈಪ್ ಮಾಡಿದ ಕನ್ನಡ ನಿಜವಾಗಿ ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ಇದ್ದ ಮನೆಗಳಲ್ಲಿ ಕನ್ನಡದ ಚೂರುಗಳನ್ನು, ತಲೆಕಟ್ಟು, ಕೊಂಬು, ಒತ್ತು ಎಂದು ಬಿಡಿಸಿ, ಚಿತ್ರಗಳಂತೆ ಕೂರಿಸಿದ್ದರು. ಆ ಫಾಂಟ್ ಇದ್ದಾಗ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತಾದರೂ ಅದು ನಮ್ಮ ಮೇಜಿನವರೆಗೆ ಬರಲು ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ಸಾವಿರಾರು ಪುಸ್ತಕಗಳು ಆ ಹಳೆಯ ಸಂಕೇತದಲ್ಲೇ ಟೈಪಾಗಿ ಹೋಗಿದ್ದವು.

ಅವನ್ನು ಯೂನಿಕೋಡ್‌ಗೆ ತರುವುದು ಅಕ್ಷರಕ್ಕೆ ಅಕ್ಷರ ಅದಲುಬದಲು ಮಾಡುವಷ್ಟು ಸುಲಭವಲ್ಲ. ‘ಚಿತ್ರದುರ್ಗ’ ಎಂಬ ಪದವನ್ನೇ ನೋಡಿ. ಹಳೆಯ ಸಂಕೇತದಲ್ಲಿ ‘ಗ’ ಮೊದಲು ಬಂದು, ಅರ್ಕಾವೊತ್ತು ಅದರ ಬೆನ್ನಿಗೆ ಬರುತ್ತದೆ, ಕೈಯಲ್ಲಿ ಬರೆಯುವ ಕ್ರಮದಂತೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಮೊದಲು ‘ರ’, ಆಮೇಲೆ ವಿರಾಮ (ಅಕ್ಷರದ ಸ್ವರವನ್ನು ತೆಗೆಯುವ ಗುರುತು), ಆಮೇಲೆ ‘ಗ’. ಹಿಂದಿರುವುದನ್ನು ಹುಡುಕಿ ಮುಂದಕ್ಕೆ ಎಳೆದು ಕೂರಿಸಬೇಕು. ನಿಮ್ಮ ಪರಿವರ್ತಕ ಇದನ್ನು ಒಂದೇ ಒಂದು ತಪ್ಪಿಲ್ಲದೆ ಮಾಡುತ್ತದೆ. ನಾನು ಪರಿವರ್ತಿಸಿದ ಕಡತವನ್ನು ತೆರೆದ ಕೂಡಲೇ ಮೊದಲು ಹುಡುಕುವುದು ‘ದುರ್ಗ’ ಎಂಬ ಎರಡು ಅಕ್ಷರಗಳನ್ನು. ಅವು ಸರಿಯಿದ್ದರೆ ಉಳಿದದ್ದೂ ಸರಿಯಿರುತ್ತದೆ ಎಂಬುದು ಅನುಭವದಿಂದ ಬಂದ ನಂಬಿಕೆ.

ಈಗ ನಡೆದ ಸಂಗತಿ. ಜಗಳೂರು ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಹಳ್ಳಿ ಹಳ್ಳಿ ಸುತ್ತಿ ಸೋಬಾನೆ ಪದಗಳನ್ನೂ ಬೀಸುವ ಪದಗಳನ್ನೂ ಬರೆದುಕೊಂಡಿದ್ದರು. ಅದನ್ನು 2001ರಲ್ಲಿ ನಮ್ಮಲ್ಲೇ ಟೈಪ್ ಮಾಡಿಸಿ ಮುನ್ನೂರು ಪ್ರತಿ ಅಚ್ಚು ಹಾಕಿಸಿದ್ದರು. ಹಾಡಿದ ಹೆಂಗಸರ ಹೆಸರು, ಊರುಗಳೆಲ್ಲ ಅದರಲ್ಲಿವೆ. ಹೆಚ್ಚಿನ ಸಂಗ್ರಹ 1997ಕ್ಕೆ ಮುಂಚಿನದು, ದಾವಣಗೆರೆ ಬೇರೆ ಜಿಲ್ಲೆಯಾಗುವ ಮೊದಲಿನದು. ಆದ್ದರಿಂದ ಪ್ರತಿಯೊಂದು ಹಾಡಿನ ಕೆಳಗೂ ‘ಜಗಳೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ’ ಎಂದೇ ಇದೆ. ಮೇಷ್ಟರಿಗೆ ಈಗ ಎಂಬತ್ತು ದಾಟಿದೆ. ಮೊಮ್ಮಕ್ಕಳು ಮೊಬೈಲ್‌ನಲ್ಲಿ ಓದುವಂತೆ ಮಾಡಿಕೊಡಿ ಎಂದು ಕಳೆದ ಜೂನ್‌ನಲ್ಲಿ ಕೇಳಿಕೊಂಡು ಬಂದರು. ಹಳೆಯ ಸಿ.ಡಿ. ನಮ್ಮ ಬೀರುವಿನಲ್ಲಿತ್ತು. ಎರಡು ದಿನದ ಕೆಲಸ ಎಂದು ಮಾತು ಕೊಟ್ಟೆ.

ಅದಕ್ಕೂ ಒಂದು ವಾರ ಮುಂಚೆ ವೈರಸ್ ಹೊಕ್ಕು ನಮ್ಮ ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಸಜ್ಜು ಮಾಡಿದ್ದೆವು. ವಿಂಡೋಸ್ 7 ಹಾಕಿ, ಅದರ ಮೇಲೆ ಪೈಥಾನ್ 3.8 ಹಾಕಿ, ಪೈಥಾನ್ ತಂತ್ರಾಂಶಗಳನ್ನು ಇಳಿಸಿಕೊಡುವ ‘ಪಿಪ್’ ಮೂಲಕ ನಿಮ್ಮ ಪರಿವರ್ತಕವನ್ನು ಇಳಿಸಿಕೊಂಡೆವು. ಯಾವ ತಕರಾರೂ ಇಲ್ಲದೆ ಇಳಿಯಿತು. ಆದರೆ ಕಡತವನ್ನು ಕೊಟ್ಟಾಗ ಕಪ್ಪು ಪರದೆಯ ಮೇಲೆ ಏಳೆಂಟು ಸಾಲು ಹರಿದು, ಕೊನೆಯ ಸಾಲಿನಲ್ಲಿ ‘ಟೈಪ್ ಎರರ್’ ಎಂದು ಬಂತು.

ನಮ್ಮಲ್ಲಿ ಟೈಪ್ ಮಾಡುವ ಹೆಣ್ಣುಮಗಳು ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದಾಳೆ. ಆಕೆ ಓದಿದ್ದು ಪಿಯುಸಿ. ‘ಟೈಪ್ ಎರರ್’ ಎಂಬ ಎರಡು ಪದಗಳಿಗೆ ಆಕೆಯ ಬದುಕಿನಲ್ಲಿ ಇರುವುದು ಒಂದೇ ಅರ್ಥ, ಬೆರಳಚ್ಚಿನ ತಪ್ಪು. ಆಕೆ ಅಚ್ಚಾದ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಕಡತದಲ್ಲಿ ತಪ್ಪು ಹುಡುಕಲು ಕುಳಿತಳು. ಸಿಕ್ಕ ನಾಲ್ಕಾರು ಕಾಗುಣಿತ ದೋಷಗಳನ್ನು ತಿದ್ದಿದಳು, ಮತ್ತೆ ಓಡಿಸಿದಳು, ಮತ್ತೆ ಅದೇ ಸಾಲು. ನಾನೂ ನೋಡಿದೆ. ಸಿ.ಡಿ. ಇಪ್ಪತ್ತು ವರ್ಷ ಹಳೆಯದು, ಕಡತವೇ ಕೆಟ್ಟಿರಬೇಕು ಎಂದು ತೀರ್ಮಾನಿಸಿದವನು ನಾನೇ. ಆಕೆ ಮೊದಲ ಪುಟದಿಂದ ಮತ್ತೆ ಟೈಪ್ ಮಾಡಲು ಶುರು ಮಾಡಿದಳು. ಹಗಲು ಗಿರಾಕಿಗಳ ಕೆಲಸ, ಸಂಜೆ ಆರರ ಮೇಲೆ ಸೋಬಾನೆ ಪದ. ಹದಿನೇಳು ದಿನಗಳಲ್ಲಿ ನಲವತ್ತಾರು ಪುಟ ಆಯಿತು. ಪುಸ್ತಕ ಇರುವುದು ಮುನ್ನೂರಕ್ಕೂ ಹೆಚ್ಚು ಪುಟ.

ಹದಿನೆಂಟನೆಯ ದಿನ ಪಕ್ಕದ ಮನೆಯ ಹುಡುಗಿ, ಇಲ್ಲೇ ಎಂಜಿನಿಯರಿಂಗ್ ಓದುತ್ತಿರುವವಳು, ಯೋಜನಾ ವರದಿಗೆ ಸ್ಪೈರಲ್ ಬೈಂಡಿಂಗ್ ಮಾಡಿಸಲು ಬಂದಳು. ಪರದೆಯನ್ನು ಒಮ್ಮೆ ನೋಡಿ, ಇದು ನಿಮ್ಮ ಅಕ್ಷರಗಳ ತಪ್ಪಲ್ಲ ಎಂದಳು. ‘ಟೈಪ್’ ಎಂದರೆ ಅಲ್ಲಿ ದತ್ತಾಂಶದ ಬಗೆ. ಪದಗಳ ಪಟ್ಟಿ ಎಂದು ಸೂಚಿಸುವ ಒಂದು ಹೊಸ ಬರವಣಿಗೆ ಪೈಥಾನ್ 3.9ರಲ್ಲಿ ಬಂದಿದೆ, 3.8ಕ್ಕೆ ಅದು ಅರ್ಥವಾಗುವುದಿಲ್ಲ. ನೀವು ಹೊಸ ಆವೃತ್ತಿಯಲ್ಲಿ ಅದನ್ನು ಬಳಸಿದ್ದೀರಿ. ಎಷ್ಟು ಕಡೆ ಎಂದು ಆಕೆ ಎಣಿಸಿದಳು. ಮೂರು ಕಡೆ. ಆ ಕಡತಗಳ ನೆತ್ತಿಯ ಮೇಲೆ ಒಂದೊಂದು ಸಾಲು ಸೇರಿಸಿದಾಗ ಅದೇ ವಿಂಡೋಸ್ 7ರಲ್ಲಿ, ಅದೇ 3.8ರಲ್ಲಿ ನಿಮ್ಮ ಹೊಸ ಆವೃತ್ತಿ ಓಡಿತು. ಇಡೀ ಪುಸ್ತಕ ಒಂದು ನಿಮಿಷವೂ ಹಿಡಿಯದೆ ಯೂನಿಕೋಡ್ ಆಯಿತು. ನಾನು ‘ದುರ್ಗ’ ಹುಡುಕಿದೆ, ಸರಿಯಾಗಿತ್ತು. ಪಕ್ಕದಲ್ಲಿ ನಿಂತಿದ್ದ ನಮ್ಮ ಹೆಣ್ಣುಮಗಳು ತಾನು ಟೈಪ್ ಮಾಡಿದ ನಲವತ್ತಾರು ಪುಟಗಳ ಕಡತವನ್ನು ಮುಚ್ಚಿದಳು. ಏನೂ ಮಾತನಾಡಲಿಲ್ಲ. ಆ ಮುಖ ನೋಡಿದ ಮೇಲೆ ಈ ಪತ್ರ ಬರೆಯದೆ ಇರಲು ನನಗೆ ಆಗಲಿಲ್ಲ.

ಹಳೆಯದನ್ನು ಕೈಬಿಡಲೇಬಾರದು ಎಂದು ವಾದಿಸಲು ನಾನು ಬಂದಿಲ್ಲ. ಹೊಸತು ಬಂದದ್ದರಿಂದಲೇ ನಮ್ಮ ಭಾಷೆಗೆ ಉಪಕಾರವಾಗಿದೆ. ಪೈಥಾನ್ 2ರಲ್ಲಿ ‘ದಾವಣಗೆರೆ’ ಎಂಬ ಪದವನ್ನು ಸುಮ್ಮನೆ ಬರೆದು ಅದರ ಉದ್ದ ಕೇಳಿದರೆ ಇಪ್ಪತ್ತನಾಲ್ಕು ಎಂಬ ಉತ್ತರ ಬರುತ್ತಿತ್ತು. ಕಣ್ಣಿಗೆ ಕಾಣುವುದು ಐದು ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತ. ಆದರೆ ಪೈಥಾನ್ 2 ಎಣಿಸುತ್ತಿದ್ದದ್ದು ಬೈಟ್‌ಗಳನ್ನು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರರಂತೆ. ಹತ್ತಕ್ಕೆ ಕತ್ತರಿಸು ಎಂದರೆ ಅಕ್ಷರದ ನಡುವೆಯೇ ಕತ್ತರಿ ಬೀಳುತ್ತಿತ್ತು. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3 ಪಠ್ಯವನ್ನು ಪಠ್ಯವೆಂದೇ ನೋಡಿತು. ಅದರಲ್ಲಿ ಉತ್ತರ ಎಂಟು. ಇಂಗ್ಲಿಷ್‌ನವರಿಗೆ ಈ ಬದಲಾವಣೆ ಒಂದು ಕಿರಿಕಿರಿಯಾಗಿ ಕಂಡಿರಬಹುದು, ಕನ್ನಡದವರಿಗೆ ಅದು ಬಿಡುಗಡೆ.

ಎರಡೆರಡು ಆವೃತ್ತಿಗಳನ್ನು ಒಟ್ಟಿಗೆ ಸಾಕುವುದರ ಕಷ್ಟವೂ ನನಗೆ ಈಗ ತಕ್ಕಮಟ್ಟಿಗೆ ಗೊತ್ತು. ಪೈಥಾನ್ 2 ಮತ್ತು 3 ಎರಡರಲ್ಲೂ ಓಡುವಂತೆ ಬರೆಯಲೆಂದೇ ‘ಸಿಕ್ಸ್’ ಎಂಬ ಸಿದ್ಧ ಕೋಡ್ ಸಂಗ್ರಹವೊಂದು ಹುಟ್ಟಿತು. ಎರಡು ಮೂರಲ ಆರು, ಅದಕ್ಕೇ ಆ ಹೆಸರು. ಪ್ರತಿ ಬದಲಾವಣೆಯನ್ನೂ ಪ್ರತಿ ಆವೃತ್ತಿಯಲ್ಲೂ ಪರೀಕ್ಷಿಸಬೇಕು, ಹೊಸ ಅನುಕೂಲ ಬಂದರೂ ಮುಟ್ಟುವಂತಿಲ್ಲ, ಭದ್ರತೆಯ ತೂತುಗಳನ್ನು ಮುಚ್ಚುವವರೇ ಇಲ್ಲದ ಅಡಿಪಾಯದ ಮೇಲೆ ಕಟ್ಟುತ್ತಿರಬೇಕು. ಹಗಲು ಬೇರೆ ನೌಕರಿ ಮಾಡಿ ರಾತ್ರಿ ಕನ್ನಡಕ್ಕೆಂದು ಕೂರುವ ನಿಮ್ಮಂಥವರ ಮೇಲೆ ಈ ಹೊರೆಯನ್ನು ಶಾಶ್ವತವಾಗಿ ಹೇರಲು ಯಾರಿಗೂ ಹಕ್ಕಿಲ್ಲ. ಪೈಥಾನ್ 3.8ಕ್ಕೆ ಅದರ ಮೂಲ ತಂಡದವರೇ 2024ರ ಅಕ್ಟೋಬರ್‌ನಲ್ಲಿ ಬೆಂಬಲ ನಿಲ್ಲಿಸಿದ್ದಾರೆ. ನೀವೂ ನಿಲ್ಲಿಸಿದರೆ ಅದು ನ್ಯಾಯವೇ.

ಆದರೆ ನಿಲ್ಲಿಸುವುದಕ್ಕೂ ಒಂದು ಕ್ರಮವಿದೆ. ಪೈಥಾನ್ 2.7ಕ್ಕೆ 2015ರಲ್ಲೇ ಮುಕ್ತಾಯ ಎಂದು ಮೊದಲು ಗೊತ್ತಾಗಿತ್ತು. ಜನ ಇನ್ನೂ ದಾಟಿಲ್ಲ ಎಂಬುದನ್ನು ಕಂಡು 2014ರಲ್ಲಿ ಅದನ್ನು 2020ಕ್ಕೆ ಮುಂದೂಡಿದರು, ಮತ್ತು ಆ ದಿನಾಂಕವನ್ನು ಲೋಕಕ್ಕೆಲ್ಲ ಸಾರಿದರು. 2020ರ ಜನವರಿ 1ಕ್ಕೆ ಬೆಂಬಲ ಮುಗಿಯಿತು. ಅದಾದ ಮೇಲೂ ಏಪ್ರಿಲ್‌ನಲ್ಲಿ 2.7.18 ಎಂಬ ಕೊನೆಯ ಆವೃತ್ತಿಯನ್ನು ಹೊರಡಿಸಿ, ಇದೇ ಕೊನೆಯದು ಎಂದು ಹೇಳಿ ಬಾಗಿಲು ಹಾಕಿದರು. ಅದನ್ನು ಅಳಿಸಿಹಾಕಲಿಲ್ಲ, ಇವತ್ತಿಗೂ ಇಳಿಸಿಕೊಳ್ಳಬಹುದು. ಪೈಥಾನ್‌ನಲ್ಲಿ ಲೆಕ್ಕಾಚಾರಕ್ಕೆ ಬಳಸುವ ನಂಪೈ ಎಂಬ ತಂತ್ರಾಂಶದ ತಂಡದವರು 1.16ನೇ ಆವೃತ್ತಿಯೇ ಪೈಥಾನ್ 2.7ಕ್ಕೆ ಕೊನೆಯದು ಎಂದು ಮೊದಲೇ ತಿಳಿಸಿದ್ದರು. ಪೈಥಾನ್ ಸಾಲು ಬರೆದ ಕೂಡಲೇ ಓಡಿಸಿ ನೋಡುವ ಸಾಧನವಾದ ಐಪೈಥಾನ್‌ನವರು 2017ರಲ್ಲಿ 6ನೇ ಆವೃತ್ತಿಯಿಂದ ಪೈಥಾನ್ 2ನ್ನು ಬಿಟ್ಟರು. ಹಳೆಯ ಪೈಥಾನ್ ಇದ್ದವರಿಗೆ ಪಿಪ್ ತಾನಾಗಿಯೇ 5ನೇ ಆವೃತ್ತಿಯನ್ನು ಕೊಡುವಂತೆ ಏರ್ಪಾಡು ಮಾಡಿಕೊಂಡೇ ಬಿಟ್ಟರು. ‘ಈ ತಂತ್ರಾಂಶಕ್ಕೆ ಇಂಥ ಪೈಥಾನ್ ಬೇಕು’ ಎಂದು ನಮೂದಿಸುವ ಒಂದು ಸಾಲು ಇದೆಯಲ್ಲ, ಪೈಥಾನ್ ರಿಕ್ವೈರ್ಸ್, ಪಿಪ್ ಅದನ್ನು 2016ರಿಂದ ಓದಿ ಪಾಲಿಸುತ್ತಿದೆ.

ಆ ಒಂದು ಸಾಲು ನಿಮ್ಮ ತಂತ್ರಾಂಶದಲ್ಲಿ ಇಲ್ಲ. ಅದು ಇದ್ದು, ಹಿಂದಿನ ಆವೃತ್ತಿಗಳನ್ನೂ ಉಳಿಸಿದ್ದಿದ್ದರೆ ನಮ್ಮ ಕಂಪ್ಯೂಟರಿಗೆ ಹಿಂದಿನ ಆವೃತ್ತಿ ಇಳಿಯುತ್ತಿತ್ತು, ಬದಲಾವಣೆ ಆಗಿದೆ ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ, ಮೇಷ್ಟರ ಪುಸ್ತಕ ಎರಡನೆಯ ದಿನವೇ ಅವರ ಕೈ ಸೇರುತ್ತಿತ್ತು.

ನಾನು ಆಗಲೇ ನಿಮಗೆ ಮಿಂಚಂಚೆ ಬರೆದಿದ್ದೆ. ಒಂದೇ ಸಾಲಿನ ಉತ್ತರ ಬಂತು: ಹಳೆಯ ಪೈಥಾನ್‌ಗೆ ಬೆಂಬಲವಿಲ್ಲ, ಹೊಸದಕ್ಕೆ ಬನ್ನಿ. ಬೆಂಬಲವಿಲ್ಲ ಎಂದು ನೀವು ನಿರ್ಧರಿಸಿದ್ದು ಯಾವ ದಿನ, ಅದನ್ನು ಎಲ್ಲಿ ಬರೆದಿದ್ದೀರಿ ಎಂದು ಕೇಳಿದ ನನ್ನ ಎರಡನೆಯ ಪತ್ರಕ್ಕೆ ಉತ್ತರವಿಲ್ಲ. ಬದಲಾವಣೆಗಳ ಪಟ್ಟಿಯನ್ನು ಆ ಹುಡುಗಿಯಿಂದ ಓದಿಸಿದೆ. ‘ಸಣ್ಣಪುಟ್ಟ ಸುಧಾರಣೆಗಳು’ ಎಂದಷ್ಟೇ ಇದೆ. ಇದಕ್ಕಿಂತ ನೋವಿನ ವಿಷಯವೆಂದರೆ, 3.8ರಲ್ಲಿ ಓಡುತ್ತಿದ್ದ ಹಿಂದಿನ ಆವೃತ್ತಿಗಳನ್ನು ಗೊಂದಲವಾಗಬಾರದೆಂದು ಪೂರ್ತಿಯಾಗಿ ಅಳಿಸಿದ್ದೀರಿ. ಬೇಕೆಂದರೂ ಹಿಂದಕ್ಕೆ ಹೋಗಲು ದಾರಿ ಉಳಿದಿಲ್ಲ.

ಹೊಸದಕ್ಕೆ ಬನ್ನಿ ಎಂಬ ಮಾತಿಗೂ ನಾನು ಉತ್ತರ ಕೊಡಬೇಕು. ಪೈಥಾನ್ 3.9 ವಿಂಡೋಸ್ 7ರಲ್ಲಿ ನಡೆಯುವುದಿಲ್ಲ. ಅದಕ್ಕೆ ಕನಿಷ್ಠ 8.1 ಬೇಕು. ನನಗೆ ಪೈಥಾನ್ ಬದಲಿಸುವುದೆಂದರೆ ವಿಂಡೋಸನ್ನೇ ಬದಲಿಸುವುದು. ವಿಂಡೋಸ್ 7ಕ್ಕೂ 2020ರ ಜನವರಿಯಲ್ಲೇ ಬೆಂಬಲ ನಿಂತಿದೆ, ಗೊತ್ತು. ವೈರಸ್ ಹೊಕ್ಕಿದ್ದಕ್ಕೆ ಅದೂ ಒಂದು ಕಾರಣ ಎಂಬುದನ್ನೂ ಒಪ್ಪುತ್ತೇನೆ. ಆದರೆ ನಮ್ಮ ಇಪ್ಪತ್ತೇಳು ವರ್ಷದ ಕೆಲಸವೆಲ್ಲ ಇರುವುದು ಪುಟ ವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್ ಕಡತಗಳಲ್ಲಿ. ಅದಕ್ಕೆ ಬೇಕಾದ ಅಕ್ಷರ ತಂತ್ರಾಂಶಕ್ಕೆ ಒಂದು ಬೀಗದ ಸಾಧನವಿದೆ, ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದರೆ ಮಾತ್ರ ಅಕ್ಷರ ಮೂಡುತ್ತದೆ. ಆ ಬೀಗವನ್ನು ಹೊಸ ವಿಂಡೋಸ್ ಗುರುತಿಸಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿ ಸೋತಿದ್ದೇನೆ. ಪರಿವರ್ತನೆಗೆಂದೇ ಬೇರೊಂದು ಕಂಪ್ಯೂಟರ್ ಇಟ್ಟುಕೊಳ್ಳಬಹುದಿತ್ತಲ್ಲ ಎಂದರೆ, ಹೌದು, ಈಗ ಅದನ್ನೇ ಯೋಚಿಸುತ್ತಿದ್ದೇನೆ. ಅಂಥ ಅಗತ್ಯ ಬರುತ್ತದೆಂದು ಒಂದು ವರ್ಷ ಮುಂಚೆ ಗೊತ್ತಾಗಿದ್ದರೆ ದೀಪಾವಳಿಯ ಕೆಲಸದ ಹಣದಲ್ಲಿ ಅದನ್ನು ತೆಗೆದಿಡುತ್ತಿದ್ದೆ.

ಮೊಳೆ ಜೋಡಿಸುತ್ತಿದ್ದ ಕಾಲದ ಒಂದು ಮಾತು ನೆನಪಾಗುತ್ತದೆ. ನಮಗೆ ಮೊಳೆ ಎರಕ ಹೊಯ್ದು ಕೊಡುತ್ತಿದ್ದವರು ಹದಿನಾರು ಪಾಯಿಂಟಿನ ಒಂದು ಬಗೆಯನ್ನು ನಿಲ್ಲಿಸಿದಾಗ ಮುದ್ರಣಾಲಯಕ್ಕೆ ಒಂದು ಅಂಚೆ ಕಾರ್ಡ್ ಬಂದಿತ್ತು. ಇಂಥ ತಿಂಗಳ ನಂತರ ಎರಕವಿಲ್ಲ, ಬೇಕಾದ ಒತ್ತಕ್ಷರಗಳನ್ನು ಈಗಲೇ ತರಿಸಿಕೊಳ್ಳಿ. ಯಜಮಾನರು ಆ ವಾರವೇ ಸವೆದ ಮೊಳೆಗಳ ಪಟ್ಟಿ ಮಾಡಿಸಿ ಕಳುಹಿಸಿದರು. ಎರಕ ನಿಂತಿತು, ನಮ್ಮ ಕೆಲಸ ನಿಲ್ಲಲಿಲ್ಲ. ನಾನು ನಿಮ್ಮಿಂದ ಬಯಸುತ್ತಿರುವುದು ಆ ಅಂಚೆ ಕಾರ್ಡನ್ನು.

ಹಾಗಾಗಿ ನನ್ನ ಕೋರಿಕೆಗಳು ಇವು. ಮೊದಲನೆಯದಾಗಿ, ಮುಂದಿನ ಬಿಡುಗಡೆಯಲ್ಲೇ ಯಾವ ಪೈಥಾನ್ ಬೇಕು ಎಂಬ ಆ ಸಾಲನ್ನು ಸೇರಿಸಿ. ಅಷ್ಟೇ ಸಾಲದು ಎಂದು ಹುಡುಗಿ ಹೇಳುತ್ತಾಳೆ. ಸಾಲು ಇಲ್ಲದ ಈಗಿನ ಆವೃತ್ತಿ ಹಾಗೆಯೇ ಉಳಿದರೆ, 3.8 ಇರುವವರಿಗೆ ಪಿಪ್ ಹೊಸದನ್ನು ಬಿಟ್ಟು ಅದೇ ಕೆಟ್ಟದ್ದನ್ನು ಆರಿಸಿ ಕೊಡುತ್ತದೆ. ಆದ್ದರಿಂದ ಈಗಿನದನ್ನು ‘ಯ್ಯಾಂಕ್’ ಎಂದು ಗುರುತಿಸಿ. ಹಾಗೆ ಗುರುತಿಸಿದರೆ ಪಿಪ್ ಅದನ್ನು ತಾನಾಗಿ ಆರಿಸುವುದಿಲ್ಲ, ಆವೃತ್ತಿ ಸಂಖ್ಯೆ ಹೇಳಿ ಕೇಳಿದವರಿಗೆ ಮಾತ್ರ ಕೊಡುತ್ತದೆ. ಹಳೆಯದನ್ನು ಮರೆಮಾಡಲು ಇಷ್ಟು ಸಾಕಿತ್ತು, ಅಳಿಸುವ ಅಗತ್ಯವೇ ಇರಲಿಲ್ಲ.

ಎರಡನೆಯದು, 3.8ರಲ್ಲಿ ಓಡುವ ಒಂದು ಕೊನೆಯ ಆವೃತ್ತಿಯನ್ನು ಮತ್ತೆ ಒದಗಿಸಿ. ಒಮ್ಮೆ ಅಳಿಸಿದ ಕಡತವನ್ನು ಅದೇ ಹೆಸರಿನಲ್ಲಿ ಮತ್ತೆ ಏರಿಸಲು ಪಿಪ್ ತಂತ್ರಾಂಶಗಳನ್ನು ತರುವ ಉಗ್ರಾಣವಾದ ಪೈಪಿಐ ಬಿಡುವುದಿಲ್ಲವಂತೆ. ಬೇರೆ ಸಂಖ್ಯೆ ಕೊಟ್ಟಾದರೂ ಏರಿಸಿ. ‘ಇದು ಕೊನೆಯದು, ಇನ್ನು ಮುಂದೆ ತಿದ್ದುಪಡಿ ಇಲ್ಲ’ ಎಂದು ಅದರ ಹಣೆಯ ಮೇಲೆ ಬರೆಯಿರಿ. ಅದಕ್ಕೆ ನಾನು ಬೇರೇನೂ ಕೇಳುವುದಿಲ್ಲ.

ಇನ್ನು, ಮುಂದೆ ಯಾವ ಆವೃತ್ತಿಯನ್ನು ಬಿಡುವುದಿದ್ದರೂ ಆರು ತಿಂಗಳು ಮುಂಚೆ ದಿನಾಂಕ ತಿಳಿಸಿ, ಕನ್ನಡದಲ್ಲಿ. ಕನ್ನಡದ ತಂತ್ರಾಂಶದ ವಿವರಣೆ ಪೂರ್ತಿ ಇಂಗ್ಲಿಷ್‌ನಲ್ಲಿರುವುದು ನನಗೆ ಯಾವತ್ತೂ ಅರ್ಥವಾಗದ ಸಂಗತಿ. ಅದನ್ನು ಬಳಸುವವರು ಯಾರು ಎಂದು ಒಮ್ಮೆ ಯೋಚಿಸಿ. ಕಪ್ಪು ಪರದೆಯಲ್ಲಿ ಕನ್ನಡ ಸರಿಯಾಗಿ ಮೂಡುವುದಿಲ್ಲವಾದ್ದರಿಂದ ಅಲ್ಲಿ ಬೇಡ. ತಂತ್ರಾಂಶ ಶುರುವಾಗುವಾಗಲೇ ಪೈಥಾನ್ ಸಂಖ್ಯೆಯನ್ನು ನೋಡಿ, ಹಳೆಯದಾಗಿದ್ದರೆ ಪಕ್ಕದಲ್ಲಿ ಒಂದು ಪಠ್ಯ ಕಡತ ಬರೆದಿಡಲಿ: ನಿಮ್ಮ ಕಡತ ಸರಿಯಾಗಿದೆ, ಪೈಥಾನ್ ಹಳೆಯದು, ಇಂಥ ಆವೃತ್ತಿ ಹಾಕಿಕೊಳ್ಳಿ. ‘ನಿಮ್ಮ ಕಡತ ಸರಿಯಾಗಿದೆ’ ಎಂಬ ಮೂರು ಪದಗಳು ಒಬ್ಬಳ ಹದಿನೇಳು ಸಂಜೆಗಳನ್ನು ಉಳಿಸುತ್ತಿದ್ದವು.

ಕೇಳುವುದಷ್ಟೇ ನನ್ನ ಉದ್ದೇಶವಲ್ಲ. ಆ ವಿವರಣೆಯನ್ನು ಕನ್ನಡದಲ್ಲಿ ಬರೆದುಕೊಡಲು ನಾನು ಸಿದ್ಧನಿದ್ದೇನೆ, ಕರಡು ತಿದ್ದುವುದು ನನ್ನ ಕಸುಬು. ನಿಮ್ಮ ಪ್ರತಿ ಹೊಸ ಬಿಡುಗಡೆಗೆ ಮುಂಚೆ ನನಗೆ ಕಳುಹಿಸಿದರೆ ನಮ್ಮ ಹಳೆಯ ಯಂತ್ರದಲ್ಲಿ ಓಡಿಸಿ, ಬೇರೆ ಬೇರೆ ಕಾಲದ ಇಪ್ಪತ್ತು ಕಡತಗಳನ್ನು ಪರಿವರ್ತಿಸಿ ನೋಡಿ ಎರಡು ದಿನದಲ್ಲಿ ವರದಿ ಕೊಡುತ್ತೇನೆ. ಅರ್ಕಾವೊತ್ತಿನ ಪದಗಳನ್ನೇ ಆರಿಸಿ ಒಂದು ಪರೀಕ್ಷಾ ಪಟ್ಟಿ ಮಾಡಿದ್ದೇನೆ: ದುರ್ಗಾಂಬಿಕಾ, ಚಿತ್ರದುರ್ಗ, ಹೊಸದುರ್ಗ, ಮೊಳಕಾಲ್ಮೂರಿನ ಒಂದು ಕಡತದಲ್ಲಿ ಸಿಕ್ಕಿದ ‘ಪೂರ್ವಾರ್ಧ’. ಎರಡು ಅರ್ಕಾವೊತ್ತು ಒಂದರ ಹಿಂದೊಂದು ಬಂದಾಗ ನಿಮ್ಮ ಹಳೆಯ ಆವೃತ್ತಿ ಕೆಲವೊಮ್ಮೆ ತಡವರಿಸುತ್ತಿತ್ತು, ಹೊಸದರಲ್ಲಿ ಅದು ಸರಿಹೋಗಿದೆ. ಈ ತಿದ್ದುಪಡಿ ಮಾಡಿದವರು ಯಾರೋ ಅವರಿಗೆ ನನ್ನ ಕೃತಜ್ಞತೆ ತಲುಪಲಿ. ಮೇಲೆ, ಒಂದೇ ಒಂದು ತಪ್ಪಿಲ್ಲದೆ ಎಂದು ಬರೆದದ್ದು ಈ ಹೊಸ ಆವೃತ್ತಿಯನ್ನು ಕುರಿತೇ.

ಇದನ್ನು ಓದುತ್ತಿರುವ ಡಿಟಿಪಿ ಗೆಳೆಯರಿಗೂ ಒಂದು ಮಾತು. ಈಗ ನಿಮ್ಮಲ್ಲಿ ಸರಿಯಾಗಿ ಓಡುತ್ತಿರುವ ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸಿ, ಅದನ್ನು ಇಳಿಸಿದ ಕಡತವನ್ನೂ ಪೆನ್‌ಡ್ರೈವ್‌ನಲ್ಲಿ ತೆಗೆದಿಡಿ. ವಿಂಡೋಸ್ 7 ಇರುವವರಿಗೆ ಪೈಥಾನ್ 3.8.10 ಬೇಕು, 3.8ರಲ್ಲಿ ನೇರವಾಗಿ ಅನುಸ್ಥಾಪಿಸಬಹುದಾದ ಕೊನೆಯ ಕಡತ ಸಿಗುವುದು ಅದಕ್ಕೇ. ಮತ್ತು ಹಳೆಯ ಸಿ.ಡಿ.ಗಳಲ್ಲಿ ಇರುವುದನ್ನೆಲ್ಲ ಈ ವರ್ಷವೇ ಯೂನಿಕೋಡ್‌ಗೆ ತಂದುಬಿಡಿ.

ಮೇಷ್ಟರ ಪುಸ್ತಕ ಜುಲೈ ಎರಡನೆಯ ವಾರ ಅವರಿಗೆ ತಲುಪಿತು. ಆದರೆ ಅದೇ ಬೀರುವಿನಲ್ಲಿ ಇನ್ನೂ ಮೂವತ್ತೊಂದು ಸಿ.ಡಿ.ಗಳಿವೆ. ಆ ಹುಡುಗಿ ತಿದ್ದಿಕೊಟ್ಟ ಮೂರು ಕಡತಗಳನ್ನು ಈ ಪತ್ರದ ಜೊತೆ ನಿಮಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ. ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಳೇ ದಾವಣಗೆರೆಯ ಡಿಟಿಪಿ ಕೇಂದ್ರವೊಂದರ ಮಾಲೀಕ